ಸೀಮಂತಕ್ಕೆ ಮೊದಲೇ ಹಲ್ಲಿನ ಕೆಲಸ ಮುಗಿಸಿಕೊಳ್ಳಿ

ಐದು ತಿಂಗಳ ಬಸುರಿಗೆ ರಾತ್ರಿ ಹನ್ನೊಂದಕ್ಕೆ ದವಡೆ ಹಲ್ಲು ನೋಯಲು ಶುರುವಾದರೆ ಬೆಳ್ತಂಗಡಿ ತಾಲ್ಲೂಕಿನ ನೆರಿಯದಂಥ ಊರಿನಲ್ಲಿ ಏನಾಗುತ್ತದೆ? ಅತ್ತೆ ಲವಂಗ ಹುಡುಕುತ್ತಾರೆ. ಗಂಡ ಕಕ್ಕಿಂಜೆಯ ಮೆಡಿಕಲ್ ಬೆಳಿಗ್ಗೆ ಎಷ್ಟು ಗಂಟೆಗೆ ತೆರೆಯುತ್ತದೆ ಎಂದು ಯೋಚಿಸುತ್ತಾನೆ. ತವರಿಗೆ ಫೋನ್ ಮಾಡಿದರೆ ಅಮ್ಮನ ಮಾತು ಒಂದೇ: "ಈಗ ಹಲ್ಲಿಗೆ ಕೈ ಹಾಕಿಸಬೇಡ ಮಗಾ, ಹೆರಿಗೆ ಒಂದು ಆಗಲಿ." ಮರುದಿನ ಹೇಗೋ ನೋವು ತಗ್ಗುತ್ತದೆ, ವಿಷಯ ಮರೆತುಹೋಗುತ್ತದೆ. ಎಂಟನೇ ತಿಂಗಳಲ್ಲಿ ಕೆನ್ನೆ ಊದಿಕೊಂಡು ಅದೇ ಹಲ್ಲು ಮತ್ತೆ ಬರುತ್ತದೆ. ಆಗ ಕುರ್ಚಿಯಲ್ಲಿ ಒರಗಿ ಕೂರುವುದೂ ಕಷ್ಟ, ಮದ್ದಿನ ಆಯ್ಕೆಯೂ ಕಡಿಮೆ.

ಅಮ್ಮಂದಿರ ಆ ಮಾತಿನ ಹಿಂದೆ ಇರುವುದು ಪ್ರೀತಿ. ಆದರೆ ಆ ಸಲಹೆ ತಪ್ಪು. ಗರ್ಭಿಣಿಗೆ ಹಲ್ಲಿನ ತಪಾಸಣೆ, ಕ್ಲೀನಿಂಗ್, ಹುಳುಕು ತುಂಬಿಸುವುದು, ರೂಟ್ ಕೆನಾಲ್, ಅಗತ್ಯವಿದ್ದರೆ ಹಲ್ಲು ಕೀಳಿಸುವುದು, ಇವೆಲ್ಲ ಸುರಕ್ಷಿತ ಎಂದು ಅಮೆರಿಕದ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ಕಾಲೇಜು 2013ರಲ್ಲೇ ಸ್ಪಷ್ಟವಾಗಿ ಹೇಳಿದೆ. ಕೀವು ತುಂಬಿದ ಹಲ್ಲನ್ನು ಬಾಯಲ್ಲಿಟ್ಟುಕೊಂಡು ತಿಂಗಳುಗಟ್ಟಲೆ ಕಾಯುವುದೇ ಅಪಾಯ. ನೋವಿನಿಂದ ಊಟ ಸೇರುವುದಿಲ್ಲ, ನಿದ್ದೆ ಹತ್ತುವುದಿಲ್ಲ, ಸೋಂಕು ಜ್ವರಕ್ಕೆ ತಿರುಗಬಹುದು. ಇದಾವುದೂ ಮಗುವಿಗೆ ಒಳ್ಳೆಯದಲ್ಲ.

ಬಸುರಿನಲ್ಲಿ ವಸಡು ಯಾಕೆ ಊದುತ್ತದೆ?

"ಒಂದು ಮಗುವಿಗೆ ಒಂದು ಹಲ್ಲು ಹೋಗುತ್ತದೆ" ಎಂಬ ಮಾತನ್ನು ನೀವು ಕೇಳಿಯೇ ಇರುತ್ತೀರಿ. ಮಗು ತಾಯಿಯ ಹಲ್ಲಿನಿಂದ ಸುಣ್ಣದಂಶ ಎಳೆದುಕೊಳ್ಳುತ್ತದೆ ಎಂಬ ನಂಬಿಕೆ ಅದರ ಹಿಂದಿದೆ. ಹಾಗೆ ಆಗುವುದಿಲ್ಲ. ಮಗುವಿಗೆ ಬೇಕಾದ ಕ್ಯಾಲ್ಸಿಯಂ ತಾಯಿಯ ಊಟದಿಂದ ಹೋಗುತ್ತದೆ, ಊಟದಲ್ಲಿ ಸಾಲದಿದ್ದರೆ ಮೂಳೆಯಿಂದ. ಹಲ್ಲಿನಿಂದ ಅಲ್ಲ.

ಹಾಗಾದರೆ ಬಸುರಿನಲ್ಲೇ ಹಲ್ಲು ಹಾಳಾಗುವುದು ಯಾಕೆ? ಮೂರು ಕಾರಣಗಳಿವೆ. ಮೊದಲನೆಯದು ಹಾರ್ಮೋನು. ಪ್ರೊಜೆಸ್ಟರಾನ್ ಮತ್ತು ಈಸ್ಟ್ರೊಜೆನ್ ಏರಿದಾಗ ವಸಡಿಗೆ ರಕ್ತದ ಹರಿವು ಹೆಚ್ಚುತ್ತದೆ. ಹಲ್ಲಿನ ಬುಡದಲ್ಲಿ ಕೂತ ಪಾಚಿಗೆ ವಸಡು ಮೊದಲಿಗಿಂತ ಜೋರಾಗಿ ಕೆರಳುತ್ತದೆ. ಎರಡನೇ ತಿಂಗಳಿನಿಂದಲೇ ಕಾಣಿಸಿಕೊಳ್ಳುವ ಈ ಊತ ಎಂಟನೇ ತಿಂಗಳ ಹೊತ್ತಿಗೆ ಹೆಚ್ಚಾಗುತ್ತದೆ. ಅರ್ಧಕ್ಕಿಂತ ಹೆಚ್ಚು ಗರ್ಭಿಣಿಯರಿಗೆ ಇದು ಬಂದೇ ಬರುತ್ತದೆ. ಕೆಲವರಿಗೆ ಎರಡು ಹಲ್ಲುಗಳ ಸಂದಿನಲ್ಲಿ ಕೆಂಪು ಗಡ್ಡೆಯೊಂದು ಎದ್ದು, ಮುಟ್ಟಿದರೆ ರಕ್ತ ಬರುತ್ತದೆ. ನೋಡಿದವರು ಕ್ಯಾನ್ಸರ್ ಎಂದು ಹೆದರುತ್ತಾರೆ. ಅದು ಕ್ಯಾನ್ಸರ್ ಅಲ್ಲ, ಹೆರಿಗೆಯ ನಂತರ ಸಾಮಾನ್ಯವಾಗಿ ತಾನಾಗಿಯೇ ಕುಗ್ಗುತ್ತದೆ. ಆದರೂ ದಂತವೈದ್ಯರಿಗೆ ಒಮ್ಮೆ ತೋರಿಸಿ ಖಚಿತಪಡಿಸಿಕೊಳ್ಳಿ.

ಎರಡನೆಯದು ವಾಂತಿ. ಹೊಟ್ಟೆಯ ಆಮ್ಲ ಹಲ್ಲಿನ ಹೊರಪದರವನ್ನು ಮೆತ್ತಗೆ ಮಾಡುತ್ತದೆ. ಮೂರನೆಯದು ತಿನ್ನುವ ರೀತಿ. ಹುಣಸೆ, ಮಾವಿನಕಾಯಿ, ಉಪ್ಪಿನಕಾಯಿಯ ಬಯಕೆ ಒಂದು ಕಡೆ, ಹೊಟ್ಟೆ ಖಾಲಿಯಾದರೆ ವಾಕರಿಕೆ ಎಂದು ಗಂಟೆಗೊಮ್ಮೆ ಬಿಸ್ಕತ್ತು, ಸಿಹಿ ಚಾ ಇನ್ನೊಂದು ಕಡೆ. ಬಾಯಿಗೆ ಬಿಡುವೇ ಇರುವುದಿಲ್ಲ.

ಯಾವ ತಿಂಗಳು ಒಳ್ಳೆಯದು?

ನೋವು, ಕೀವು, ಊತ ಇದ್ದರೆ ತಿಂಗಳು ನೋಡುವುದೇ ಬೇಡ, ಯಾವಾಗ ಬೇಕಾದರೂ ಹೋಗಬಹುದು. ಮೊದಲ ಮೂರು ತಿಂಗಳಲ್ಲೂ ತುರ್ತು ಚಿಕಿತ್ಸೆಯನ್ನು ತಡೆಯಬಾರದು. ತುರ್ತಿಲ್ಲದ ಕೆಲಸಕ್ಕೆ ನಾಲ್ಕರಿಂದ ಆರನೇ ತಿಂಗಳು ಅನುಕೂಲ, ಅದರಲ್ಲೂ 14ರಿಂದ 20ನೇ ವಾರ. ಅಷ್ಟರಲ್ಲಿ ವಾಂತಿ ಇಳಿದಿರುತ್ತದೆ, ಮಗುವಿನ ಅಂಗಾಂಗಗಳು ರೂಪುಗೊಳ್ಳುವ ಮುಖ್ಯ ಹಂತ ದಾಟಿರುತ್ತದೆ, ಹೊಟ್ಟೆ ಇನ್ನೂ ಭಾರವಾಗಿರುವುದಿಲ್ಲ.

ನಮ್ಮ ಕಡೆಯ ಲೆಕ್ಕದಲ್ಲಿ ಹೇಳುವುದಾದರೆ, ಸೀಮಂತಕ್ಕೆ ಮೊದಲೇ. ಏಳನೇ ತಿಂಗಳಲ್ಲಿ ಸೀಮಂತ ಮುಗಿಸಿ ಹುಡುಗಿ ತವರಿಗೆ ಹೋದರೆ ಆಸ್ಪತ್ರೆ ಬದಲು, ಡಾಕ್ಟರು ಬದಲು. ಅರ್ಧ ಆದ ರೂಟ್ ಕೆನಾಲ್ ಅರ್ಧದಲ್ಲೇ ಉಳಿಯುತ್ತದೆ. ಹೆರಿಗೆಯಾದ ಮೇಲೆ ನಲವತ್ತು ದಿನ ಬಾಣಂತಿ ಮನೆಯಿಂದ ಹೊರಗೆ ಕಾಲಿಡುವುದಿಲ್ಲ, ಅದಾದ ಮೇಲೆ ಮಗುವನ್ನು ಬಿಟ್ಟು ಹೋಗುವುದು ಹೇಗೆ ಎಂಬ ಪ್ರಶ್ನೆ. "ಹೆರಿಗೆ ಆಗಲಿ" ಎಂದು ಮುಂದೂಡಿದ ಕೆಲಸ ಸುಲಭವಾಗಿ ಒಂದು ವರ್ಷ ಆಚೆ ಹೋಗುವುದು ಹೀಗೆ.

ಮಳೆಗಾಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. 2019ರ ಆಗಸ್ಟ್‌ನ ನೆರೆಯಲ್ಲಿ ಚಾರ್ಮಾಡಿ, ನೆರಿಯ ಕಡೆಯವರು ಪಟ್ಟ ಪಾಡು ಯಾರಿಗೂ ಮರೆತಿಲ್ಲ. ಗಂಡಿಬಾಗಿಲಿನಂಥ ಒಳಭಾಗದಿಂದ ಜೋರು ಮಳೆಯಲ್ಲಿ ಉಜಿರೆಗೆ ಹೊರಡುವುದು ಬಸುರಿಗೆ ಸುಲಭವಲ್ಲ. ನಿಮ್ಮ ಐದು-ಆರನೇ ತಿಂಗಳು ಜುಲೈ-ಆಗಸ್ಟ್‌ಗೆ ಬೀಳುತ್ತದೆ ಎಂದು ಕಂಡರೆ ನಾಲ್ಕನೇ ತಿಂಗಳು ಹಿಡಿದ ಕೂಡಲೇ ತೋರಿಸಿಕೊಳ್ಳಿ.

ಎಲ್ಲಿಗೆ ಹೋಗುವುದು?

ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಾಮಾನ್ಯವಾಗಿ ದಂತವೈದ್ಯರು ಇರುವುದಿಲ್ಲ. ಆದರೂ ಶುರು ಅಲ್ಲಿಂದಲೇ ಆಗಲಿ. ಪ್ರಧಾನ ಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ಉಚಿತ ತಪಾಸಣೆ ನಡೆಯುತ್ತದೆ. ನಾಲ್ಕನೇ ತಿಂಗಳಿನ ಮೇಲಿನವರಿಗೆಂದೇ ಇರುವ ದಿನ ಅದು. ಅಂದು ವೈದ್ಯರಿಗೆ "ನನ್ನ ಬಾಯಿಯನ್ನೂ ಒಮ್ಮೆ ನೋಡಿ" ಎಂದು ನೀವೇ ಹೇಳಿ. ರಕ್ತ, ಬಿಪಿ, ತೂಕ ಎಲ್ಲ ನೋಡುವ ಗಡಿಬಿಡಿಯಲ್ಲಿ ಹಲ್ಲು ಬಿಟ್ಟುಹೋಗುವುದೇ ಹೆಚ್ಚು. ಹಲ್ಲಿನ ಚಿಕಿತ್ಸೆಗೆ ಅಡ್ಡಿಯಿಲ್ಲ ಎಂದು ಒಂದು ಚೀಟಿಯಲ್ಲಿ ಬರೆಸಿಕೊಂಡರೆ ದಂತವೈದ್ಯರಿಗೂ ಧೈರ್ಯ. ಗರ್ಭಿಣಿ ಎಂದ ಕೂಡಲೇ "ಹೆರಿಗೆ ಆದ ಮೇಲೆ ಬನ್ನಿ" ಎಂದು ಕಳಿಸುವ ಕ್ಲಿನಿಕ್‌ಗಳು ಈಗಲೂ ಇವೆ.

ಅಲ್ಲಿಂದ ಬೆಳ್ತಂಗಡಿ ತಾಲ್ಲೂಕು ಆಸ್ಪತ್ರೆ, ಇಲ್ಲವೇ ಉಜಿರೆ-ಬೆಳ್ತಂಗಡಿಯ ಖಾಸಗಿ ಕ್ಲಿನಿಕ್. ಸರ್ಕಾರಿ ಆಸ್ಪತ್ರೆಗಾದರೆ ಅಂದು ದಂತವೈದ್ಯರು ಇರುತ್ತಾರೆಯೇ ಎಂದು ಆಶಾ ಕಾರ್ಯಕರ್ತೆಯಿಂದ ಮೊದಲೇ ವಿಚಾರಿಸಿ, ಬಸ್ ಹತ್ತುವುದು ಆಮೇಲೆ. ದೊಡ್ಡ ಕೆಲಸವಿದ್ದು ಖರ್ಚಿನ ಚಿಂತೆಯಾದರೆ ದಂತ ಕಾಲೇಜುಗಳಿವೆ: ಸುಳ್ಯದ ಕೆ.ವಿ.ಜಿ., ದೇರಳಕಟ್ಟೆಯ ಎ.ಬಿ. ಶೆಟ್ಟಿ ಮತ್ತು ಯೆನೆಪೋಯ, ಮಂಗಳೂರಿನ ಮಣಿಪಾಲ ಮತ್ತು ಎ.ಜೆ. ಅಲ್ಲಿ ವಿದ್ಯಾರ್ಥಿಗಳು ಪ್ರಾಧ್ಯಾಪಕರ ಕಣ್ಣೆದುರು ಚಿಕಿತ್ಸೆ ಮಾಡುತ್ತಾರೆ. ದರ ಕಡಿಮೆ, ಸಮಯ ಹೆಚ್ಚು ಹಿಡಿಯುತ್ತದೆ. ಎಸ್‌ಡಿಎಂ ದಂತ ಕಾಲೇಜು ಇರುವುದು ಧಾರವಾಡದಲ್ಲಿ, ಉಜಿರೆಯಲ್ಲಿ ಹುಡುಕಬೇಡಿ.

ಹೋಗುವ ದಿನ ಮಾಡಬೇಕಾದ್ದು

1. ತಾಯಿ ಕಾರ್ಡ್, ಇತ್ತೀಚಿನ ರಕ್ತಪರೀಕ್ಷೆ ಮತ್ತು ಸ್ಕ್ಯಾನಿಂಗ್ ವರದಿ, ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ಚೀಲದಲ್ಲಿರಲಿ. ಪಟ್ಟಿ ಬರೆಯುವುದು ಕಷ್ಟವಾದರೆ ಮಾತ್ರೆಗಳ ಸ್ಟ್ರಿಪ್‌ಗಳನ್ನೇ ಒಯ್ಯಿರಿ.

2. ಕುರ್ಚಿಯಲ್ಲಿ ಕೂರುವ ಮೊದಲೇ ಎಷ್ಟು ವಾರ ಎಂದು ಹೇಳಿ. ಮೂರು ತಿಂಗಳೊಳಗೆ ಹೊಟ್ಟೆ ಕಾಣುವುದಿಲ್ಲ, ನೀವು ಹೇಳದೆ ವೈದ್ಯರಿಗೆ ತಿಳಿಯುವುದಿಲ್ಲ. ಮನೆಯವರಿಗೇ ಇನ್ನೂ ತಿಳಿಸದಿದ್ದರೂ ವೈದ್ಯರಿಗೆ ತಿಳಿಸಲೇಬೇಕು.

3. ಬಿಪಿ, ಗರ್ಭಾವಸ್ಥೆಯ ಸಕ್ಕರೆ ಕಾಯಿಲೆ, ಹಿಂದೆ ಗರ್ಭಪಾತ, ರಕ್ತಸ್ರಾವ, ಹೃದಯದ ತೊಂದರೆ, ಯಾವುದೇ ಮದ್ದಿನ ಅಲರ್ಜಿ ಇದ್ದರೆ ಬಾಯಿಬಿಟ್ಟು ಹೇಳಿ. ಬಿಪಿ ಏರದಂತೆ ಎಕೋಸ್ಪ್ರಿನ್ ಮಾತ್ರೆಯನ್ನೋ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಇಂಜೆಕ್ಷನನ್ನೋ ಕೊಟ್ಟಿದ್ದರೆ ಅದನ್ನೂ ತಿಳಿಸಿ. ಹಲ್ಲು ಕೀಳಿಸಲಿಕ್ಕಿದೆ ಎಂದು ನೀವಾಗಿಯೇ ಅವನ್ನು ನಿಲ್ಲಿಸಬೇಡಿ.

4. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ಒಂದು ಗಂಟೆ ಮೊದಲು ಗಂಜಿಯೋ ಇಡ್ಲಿಯೋ ಹಗುರವಾಗಿ ತಿನ್ನಿ. ಬೆಳಗಿನ ವಾಕರಿಕೆ ಇರುವವರು ಮಧ್ಯಾಹ್ನದ ಮೇಲಿನ ಸಮಯ ಕೇಳಿ.

5. ಐದು ತಿಂಗಳು ದಾಟಿದ್ದರೆ ಅಂಗಾತ ಮಲಗಬೇಡಿ. ಮನೆಯಿಂದ ಒಂದು ಬೈರಾಸು ಒಯ್ಯಿರಿ, ಸುರುಳಿ ಸುತ್ತಿ ಬಲಗಡೆಯ ಸೊಂಟದ ಅಡಿಗೆ ಇಟ್ಟುಕೊಳ್ಳಿ. ಮೈ ಸ್ವಲ್ಪ ಎಡಕ್ಕೆ ವಾಲಿದರೆ ಸಾಕು. ಇದಕ್ಕೊಂದು ಕಾರಣವಿದೆ. ಕಾಲಿನಿಂದ ಹೃದಯಕ್ಕೆ ರಕ್ತ ಒಯ್ಯುವ ದೊಡ್ಡ ಅಭಿಧಮನಿ ಬೆನ್ನುಮೂಳೆಯ ಬಲಬದಿಯಲ್ಲಿದೆ. ಬೆಳೆದ ಗರ್ಭಕೋಶ ಅದರ ಮೇಲೆ ಕೂತರೆ ಹೃದಯಕ್ಕೆ ರಕ್ತ ಕಡಿಮೆಯಾಗಿ ಬಿಪಿ ಇಳಿಯುತ್ತದೆ, ಬೆವರು ಒಡೆದು ಕಣ್ಣು ಕತ್ತಲೆ ಬರುತ್ತದೆ. "ಹಲ್ಲಿನ ಇಂಜೆಕ್ಷನ್ ಕೊಟ್ಟದ್ದೇ ತಲೆ ತಿರುಗಿತು" ಎಂದು ಹೇಳುವ ಎಷ್ಟೋ ಬಸುರಿಯರಿಗೆ ತಲೆ ತಿರುಗಿಸಿದ್ದು ಮಲಗಿದ ರೀತಿ ಇರಬಹುದು. ಹಾಗೆ ಆದರೆ ತಕ್ಷಣ ಪೂರ್ತಿ ಎಡಕ್ಕೆ ಹೊರಳಿ.

6. ನಡುವೆ ಏಳಬೇಕೆನಿಸಿದರೆ ಎಡಗೈ ಎತ್ತುತ್ತೇನೆ ಎಂದು ಮೊದಲೇ ಮಾತಾಡಿಕೊಳ್ಳಿ. ಒಂದೇ ಸಲ ಎರಡು ಗಂಟೆ ಕೂರುವುದಕ್ಕಿಂತ ಚಿಕ್ಕ ಚಿಕ್ಕ ಎರಡು ಸಲ ಹೋಗುವುದು ಮೇಲು. ಬಾಯಿಗೆ ಉಪಕರಣ ಹಾಕಿದಾಗ ವಾಕರಿಕೆ ಬಂದರೆ ಮೂಗಿನಿಂದ ನಿಧಾನವಾಗಿ ಉಸಿರಾಡಿ.

ಇಂಜೆಕ್ಷನ್ ಮತ್ತು ಎಕ್ಸ್‌ರೇ

ಹೆಚ್ಚು ಹೆದರಿಸುವುದು ಇವೆರಡೇ. ಮರಗಟ್ಟಿಸಲು ಕೊಡುವ ಲಿಗ್ನೊಕೇನ್ ಬಸುರಿನಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಮದ್ದು. ನಮ್ಮಲ್ಲಿ ಸಾಮಾನ್ಯವಾಗಿ ಬಳಸುವುದು 2 ಪ್ರತಿಶತ ಲಿಗ್ನೊಕೇನ್, ಅದರ ಜೊತೆ 80,000ಕ್ಕೆ 1ರ ಪ್ರಮಾಣದಲ್ಲಿ ಎಡ್ರಿನಲಿನ್. ಎಡ್ರಿನಲಿನ್ ಇದ್ದರೆ ಮದ್ದು ಅದೇ ಜಾಗದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ, ರಕ್ತಕ್ಕೆ ಸೇರುವುದು ನಿಧಾನವಾಗುತ್ತದೆ. ಸೂಜಿ ರಕ್ತನಾಳದೊಳಗೆ ಹೋಗಿಲ್ಲವೇ ಎಂದು ವೈದ್ಯರು ಸಿರಿಂಜನ್ನು ಸ್ವಲ್ಪ ಹಿಂದಕ್ಕೆಳೆದು ನೋಡುತ್ತಾರೆ, ಆಮೇಲೆ ನಿಧಾನವಾಗಿ ಮದ್ದು ಬಿಡುತ್ತಾರೆ. ಬಿಪಿ ಹೆಚ್ಚಿರುವವರಿಗೆ ಪ್ರಮಾಣ ಕಡಿಮೆ ಮಾಡಬೇಕಾಗಬಹುದು, ಅದಕ್ಕಾಗಿಯೇ ಬಿಪಿ ವಿಷಯ ಮುಚ್ಚಿಡಬಾರದು. "ಮಗುವಿಗೆ ತೊಂದರೆ ಬೇಡ, ಇಂಜೆಕ್ಷನ್ ಇಲ್ಲದೆಯೇ ಕಿತ್ತುಬಿಡಿ" ಎಂದು ಸಹಿಸಿ ಕೂರುವ ಧೈರ್ಯ ಯಾರೂ ತೋರಿಸಬೇಡಿ. ತಾಯಿಯ ನೋವು, ಗಾಬರಿ ಮಗುವಿಗೆ ಒಳ್ಳೆಯದು ಮಾಡುವುದಿಲ್ಲ.

ಎಕ್ಸ್‌ರೇ ವಿಷಯದಲ್ಲಿ ಅಂಕಿಗಳೇ ಧೈರ್ಯ ಕೊಡುತ್ತವೆ. ಒಂದು ಹಲ್ಲಿನ ಸಣ್ಣ ಎಕ್ಸ್‌ರೇಯಿಂದ ಸಿಗುವ ವಿಕಿರಣ ಸುಮಾರು 0.005 ಮಿಲಿಸೀವರ್ಟ್. ಮಣ್ಣು, ಗಾಳಿ, ಆಕಾಶದಿಂದ ಸಹಜವಾಗಿಯೇ ಮನುಷ್ಯನಿಗೆ ವರ್ಷಕ್ಕೆ ಸಿಗುವುದು ಜಗತ್ತಿನ ಸರಾಸರಿಯಲ್ಲಿ 2.4 ಮಿಲಿಸೀವರ್ಟ್. ಅಂದರೆ ಒಂದು ಎಕ್ಸ್‌ರೇ ಎಂದರೆ ಒಂದು ದಿನ ಸುಮ್ಮನೆ ಬದುಕಿದ್ದಕ್ಕಿಂತಲೂ ಕಡಿಮೆ. ಕಿರಣ ಬೀಳುವುದು ಕೆನ್ನೆಗೆ, ಹೊಟ್ಟೆಗಲ್ಲ. ಆಧುನಿಕ ಯಂತ್ರಗಳಲ್ಲಿ ಸೀಸದ ಏಪ್ರನ್ ಅಗತ್ಯವೇ ಇಲ್ಲ ಎಂದು ಅಮೆರಿಕದ ದಂತವೈದ್ಯರ ಸಂಘ 2024ರಲ್ಲಿ ಹೇಳಿದೆ. ಆದರೂ ಏಪ್ರನ್ ಹಾಕಿಕೊಂಡರೆ ಮನಸ್ಸಿಗೆ ನೆಮ್ಮದಿ ಎನಿಸಿದರೆ ಕೇಳಿ ಹಾಕಿಸಿಕೊಳ್ಳಿ, ನಷ್ಟವೇನೂ ಇಲ್ಲ. ರೂಟ್ ಕೆನಾಲ್‌ಗೆ ಎಕ್ಸ್‌ರೇ ಬೇಕೇ ಬೇಕು. ಬೇಡ ಎಂದು ಹಟ ಹಿಡಿದರೆ ವೈದ್ಯರು ಕಣ್ಣು ಕಟ್ಟಿಕೊಂಡು ಕೆಲಸ ಮಾಡಿದ ಹಾಗಾಗುತ್ತದೆ.

ಕ್ಲೀನಿಂಗ್ ಮಾಡಿಸಿದರೆ ಹೆರಿಗೆ ಬೇಗ ಆಗುತ್ತದೆ ಎಂಬ ಭಯಕ್ಕೂ ಉತ್ತರ ಸಿಕ್ಕಿದೆ. ಅಮೆರಿಕದಲ್ಲಿ ವಸಡಿನ ಕಾಯಿಲೆಯಿದ್ದ 823 ಗರ್ಭಿಣಿಯರಲ್ಲಿ ಒಂದು ಗುಂಪಿಗೆ 21 ವಾರದೊಳಗೆ ಆಳವಾದ ಕ್ಲೀನಿಂಗ್ ಮಾಡಿ, ಇನ್ನೊಂದು ಗುಂಪಿಗೆ ಹೆರಿಗೆಯ ನಂತರ ಮಾಡಿದರು. 2006ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಅವಧಿಗೆ ಮುಂಚಿನ ಹೆರಿಗೆ ಎರಡೂ ಗುಂಪಿನಲ್ಲಿ ಹೆಚ್ಚು ಕಡಿಮೆ ಒಂದೇ ಆಗಿತ್ತು. ಕ್ಲೀನಿಂಗ್‌ನಿಂದ ಅವಧಿಗೆ ಮುಂಚಿನ ಹೆರಿಗೆ ತಪ್ಪಿತು ಎಂದೂ ಇಲ್ಲ, ಹೆಚ್ಚಿತು ಎಂದೂ ಇಲ್ಲ. ವಸಡು ಮಾತ್ರ ಸುಧಾರಿಸಿತು.

ಮಾತ್ರೆಗಳ ವಿಷಯದಲ್ಲಿ ಎಚ್ಚರ

ಚಿಕಿತ್ಸೆಗಿಂತ ಹೆಚ್ಚು ಅಪಾಯ ಇರುವುದು ಮೆಡಿಕಲ್‌ನಿಂದ ಚೀಟಿಯಿಲ್ಲದೆ ತರುವ ಮಾತ್ರೆಯಲ್ಲಿ. ಗಂಡ ಹೋಗಿ "ಹಲ್ಲುನೋವಿಗೆ ಒಂದು ಮಾತ್ರೆ ಕೊಡಿ" ಎಂದರೆ ಅಂಗಡಿಯವರಿಗೆ ಮನೆಯಲ್ಲಿ ಬಸುರಿ ಇರುವುದು ಗೊತ್ತಾಗುವುದಿಲ್ಲ. ಹಲ್ಲುನೋವಿಗೆ ಸಾಮಾನ್ಯವಾಗಿ ಕೈಗೆ ಸಿಗುವುದು ಕೆಟೊರೊಲಾಕ್, ಡೈಕ್ಲೊಫಿನಾಕ್, ಎಸಿಕ್ಲೊಫಿನಾಕ್, ಐಬುಪ್ರೊಫೆನ್ ಅಥವಾ ನಿಮೆಸುಲೈಡ್. ಬಸುರಿಯರು ವೈದ್ಯರು ಹೇಳದೆ ಇವನ್ನು ಮುಟ್ಟಲೇಬಾರದು. 20 ವಾರದ ನಂತರ ಈ ಗುಂಪಿನ ನೋವಿನ ಮಾತ್ರೆಗಳು ಮಗುವಿನ ಮೂತ್ರಪಿಂಡಕ್ಕೆ ತೊಂದರೆ ಮಾಡಿ ಗರ್ಭದ ನೀರು ಕಡಿಮೆ ಮಾಡಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಎಚ್ಚರಿಸಿದೆ. ಕೊನೆಯ ತಿಂಗಳುಗಳಲ್ಲಿ ಮಗುವಿನ ಹೃದಯದ ಬಳಿಯ, ಹುಟ್ಟಿದ ಮೇಲಷ್ಟೇ ಮುಚ್ಚಬೇಕಾದ ರಕ್ತನಾಳವೊಂದನ್ನು ಇವು ಮೊದಲೇ ಮುಚ್ಚಿಸುವ ಅಪಾಯವೂ ಇದೆ. ಕಾಂಬಿಫ್ಲಾಮ್‌ನಲ್ಲಿ ಪ್ಯಾರಸಿಟಮಾಲ್ ಜೊತೆ ಐಬುಪ್ರೊಫೆನ್ ಇದೆ, ಇದು ಹಲವರಿಗೆ ಗೊತ್ತಿಲ್ಲ. ಸ್ಟ್ರಿಪ್‌ನ ಹಿಂಬದಿಯ ಸಣ್ಣ ಅಕ್ಷರ ಓದಿ.

ನೋವಿಗೆ ಮೊದಲ ಆಯ್ಕೆ ಬರೀ ಪ್ಯಾರಸಿಟಮಾಲ್. ರಾತ್ರಿ ತಡೆಯಲಾಗದ ನೋವು ಬಂದರೆ 500 ಮಿಲಿಗ್ರಾಂನ ಒಂದು ಮಾತ್ರೆ, ಮತ್ತೆ ಬೇಕಾದರೆ ಆರು ಗಂಟೆಯ ನಂತರ. ದಿನಕ್ಕೆ ನಾಲ್ಕು ದಾಟಬೇಡಿ, ಮರುದಿನವೇ ವೈದ್ಯರನ್ನು ಕಾಣಿ. ಲಿವರ್ ತೊಂದರೆ ಇರುವವರು ಅದನ್ನೂ ಕೇಳದೆ ತೆಗೆದುಕೊಳ್ಳಬಾರದು.

ಸೋಂಕಿಗೆ ಅಮಾಕ್ಸಿಸಿಲಿನ್, ಸೆಫಾಲೆಕ್ಸಿನ್ ಗರ್ಭಿಣಿಯರಿಗೆ ವೈದ್ಯರು ಧೈರ್ಯವಾಗಿ ಬರೆಯುವ ಮದ್ದುಗಳು, ಪೆನಿಸಿಲಿನ್ ಅಲರ್ಜಿ ಇಲ್ಲದಿದ್ದರೆ. ಡಾಕ್ಸಿಸೈಕ್ಲಿನ್, ಟೆಟ್ರಾಸೈಕ್ಲಿನ್ ಬೇಡ, ಅವು ಮಗುವಿನ ಹಲ್ಲಿನಲ್ಲಿ ಶಾಶ್ವತ ಕಲೆ ಉಳಿಸಬಹುದು. ಸಿಪ್ರೊಫ್ಲಾಕ್ಸಾಸಿನ್, ಒಫ್ಲಾಕ್ಸಾಸಿನ್ ಕೂಡ ಬೇಡ. ಕಳೆದ ವರ್ಷದ ಹಲ್ಲುನೋವಿಗೆ ತಂದು ಉಳಿದ ಸ್ಟ್ರಿಪ್ ಡಬ್ಬಿಯಲ್ಲಿದ್ದರೆ ಅದನ್ನು ಮರೆತುಬಿಡಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ವಸಡಿನಿಂದ ರಕ್ತ ಬರುತ್ತದೆಂದು ಬ್ರಷ್ ಬಿಡುವುದು. ರಕ್ತ ಬರುವುದು ಪಾಚಿ ಕೂತ ಕಾರಣಕ್ಕೆ. ಬ್ರಷ್ ಬಿಟ್ಟರೆ ಪಾಚಿ ಗಟ್ಟಿಯಾಗಿ ಗಾರೆ ಕಟ್ಟುತ್ತದೆ, ರಕ್ತ ಇನ್ನೂ ಹೆಚ್ಚುತ್ತದೆ. ಮೆತ್ತಗಿನ ಬ್ರಷ್, ಫ್ಲೋರೈಡ್ ಇರುವ ಪೇಸ್ಟ್, ದಿನಕ್ಕೆ ಎರಡು ಸಲ. ಪೇಸ್ಟಿನ ವಾಸನೆಗೆ ವಾಕರಿಕೆ ಬಂದರೆ ಬೇರೆ ರುಚಿಯ ಪೇಸ್ಟ್ ನೋಡಿ. ಸುಟ್ಟ ಉಮಿಯ ಪುಡಿಯಿಂದ ತಿಕ್ಕುವ ಅಭ್ಯಾಸವಿದ್ದರೆ ಈಗ ನಿಲ್ಲಿಸಿ, ಆಮ್ಲದಿಂದ ಮೆತ್ತಗಾದ ಹಲ್ಲನ್ನು ಅದು ಸವೆಸುತ್ತದೆ.

ವಾಂತಿಯಾದ ಕೂಡಲೇ ಹಲ್ಲುಜ್ಜುವುದು. ಬಾಯಿ ಶುಚಿ ಮಾಡಬೇಕೆನಿಸುವುದು ಸಹಜ, ಆದರೆ ಆಗ ಉಜ್ಜಿದರೆ ಮೆತ್ತಗಾದ ಪದರವೇ ಕಿತ್ತು ಬರುತ್ತದೆ. ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಬಾಯಿ ಮುಕ್ಕಳಿಸಿ ಉಗುಳಿ, ನುಂಗಬೇಡಿ. ಬ್ರಷ್ ಅರ್ಧ-ಮುಕ್ಕಾಲು ಗಂಟೆಯ ನಂತರ.

ಲವಂಗದ ಎಣ್ಣೆ ಸುರಿಯುವುದು. ಹತ್ತಿಯ ತುದಿಗೆ ಒಂದು ಹನಿ ಹಚ್ಚಿ ಹಲ್ಲಿನ ತೂತಿಗೆ ಮಾತ್ರ ತಾಗಿಸಿದರೆ ಸ್ವಲ್ಪ ಹೊತ್ತು ನೋವು ತಗ್ಗೀತು. ವಸಡಿಗೆ ಸುರಿದರೆ ಸುಟ್ಟು ಹುಣ್ಣಾಗುತ್ತದೆ. ಊದಿದ ಕೆನ್ನೆಗೆ ಬಿಸಿ ಶಾಖ ಕೊಡುವುದೂ ತಪ್ಪು, ಬೇಕಾದರೆ ಹೊರಗಿನಿಂದ ತಣ್ಣನೆಯ ಬಟ್ಟೆ ಇಡಿ.

ನೋವಿಗೆಂದು ಹೊಗೆಸೊಪ್ಪು ಒತ್ತಿಕೊಳ್ಳುವುದು. ಬೀಡಿ ಕಟ್ಟುವ ಮನೆಗಳಲ್ಲಿ ಅದು ಕೈಗೆ ಎಟಕುವಷ್ಟರಲ್ಲೇ ಇರುತ್ತದೆ. ನಿಕೋಟಿನ್ ನೇರ ರಕ್ತಕ್ಕೆ, ಅಲ್ಲಿಂದ ಮಗುವಿಗೆ ಹೋಗುತ್ತದೆ. ಅಡಿಕೆ ನಮ್ಮ ಊರಿನ ಅನ್ನ ಹೌದು. ಆದರೂ ಎಲೆ ಅಡಿಕೆ ಹಾಕುವ ಅಭ್ಯಾಸವಿದ್ದವರು ಬಸುರಿನಲ್ಲಿ ಬಿಡಲೇಬೇಕು ಎಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ. ಅಡಿಕೆ ಜಗಿಯುವುದಕ್ಕೂ ಕಡಿಮೆ ತೂಕದ ಮಗುವಿಗೂ ನಂಟು ಕಂಡುಬಂದಿದೆ.

ನೋವು ನಿಂತಿತೆಂದು ಸುಮ್ಮನಾಗುವುದು. ಹಲ್ಲಿನೊಳಗಿನ ನರ ಸತ್ತಾಗಲೂ ನೋವು ನಿಲ್ಲುತ್ತದೆ. ಸೋಂಕು ಬೇರಿನ ತುದಿಯಲ್ಲಿ ಬೆಳೆಯುತ್ತಲೇ ಇರುತ್ತದೆ.

ಹಲ್ಲು ಬಿಳಿ ಮಾಡಿಸುವುದು, ಇಂಪ್ಲಾಂಟ್, ತೊಂದರೆ ಕೊಡದ ಹಳೆಯ ಬೆಳ್ಳಿ ಬಣ್ಣದ ಫಿಲ್ಲಿಂಗ್ ತೆಗೆಸುವುದು, ಇವು ಮಾತ್ರ ಹೆರಿಗೆಯ ನಂತರಕ್ಕೆ ಇರಲಿ.

ಕಾಯಬಾರದ ಹೊತ್ತು

ಕೆನ್ನೆಯ ಊತ ಕಣ್ಣಿನ ಕಡೆಗೋ ಕುತ್ತಿಗೆಯ ಕಡೆಗೋ ಹರಡುತ್ತಿದ್ದರೆ, ಬಾಯಿ ತೆರೆಯಲಾಗದಿದ್ದರೆ, ಉಗುಳು ನುಂಗುವುದು ಕಷ್ಟವಾದರೆ, ಚಳಿ ಜ್ವರ ಬಂದರೆ, ಉಸಿರು ಕಟ್ಟಿದಂತಾದರೆ ಕ್ಲಿನಿಕ್ ತೆರೆಯಲಿ ಎಂದು ಬೆಳಗಿನ ತನಕ ಕಾಯಬೇಡಿ. 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೊರಡಿ. ದವಡೆಯ ಸೋಂಕು ಗಂಟಲಿಗೆ ಇಳಿದರೆ ಕೆಲವೇ ಗಂಟೆಗಳಲ್ಲಿ ಉಸಿರಿನ ದಾರಿ ಮುಚ್ಚಬಹುದು. ಚಿಕಿತ್ಸೆಯ ನಂತರ ಹೊಟ್ಟೆನೋವು, ರಕ್ತಸ್ರಾವ, ಮಗುವಿನ ಚಲನೆ ಕಡಿಮೆ ಎನಿಸುವುದು ಯಾವುದೇ ಇದ್ದರೂ ಹೆರಿಗೆ ವೈದ್ಯರನ್ನೇ ನೇರ ಕಾಣಬೇಕು, ಹಲ್ಲಿನ ಕಾರಣಕ್ಕೇ ಆಯಿತೋ ಏನೋ ಎಂದು ಯೋಚಿಸುತ್ತ ಕೂರಬಾರದು.

ಮನೆಗೆ ಬಂದ ಮೇಲೆ

ಹಲ್ಲು ಕೀಳಿಸಿದ್ದರೆ ಹತ್ತಿಯನ್ನು ಅರ್ಧ ಗಂಟೆ ಕಚ್ಚಿ ಹಿಡಿಯಿರಿ. ಆ ದಿನ ಪದೇಪದೇ ಉಗುಳುವುದು, ಸ್ಟ್ರಾದಲ್ಲಿ ಹೀರುವುದು ಬೇಡ, ಗಾಯದ ಬಾಯಿ ಮುಚ್ಚಿದ ರಕ್ತದ ಗಡ್ಡೆ ಕಿತ್ತುಹೋಗುತ್ತದೆ. ಮರಗಟ್ಟಿದ್ದು ಬಿಡುವವರೆಗೆ ಬಿಸಿಯದೇನೂ ಬೇಡ, ತುಟಿ ಕಚ್ಚಿಕೊಂಡರೂ ಗೊತ್ತಾಗುವುದಿಲ್ಲ. ಆಮೇಲೆ ಆರಿದ ಕುಚ್ಚಲಕ್ಕಿ ಗಂಜಿ, ಅದಕ್ಕೆ ಮೊಸರು ಅಥವಾ ಬೇಯಿಸಿದ ಹೆಸರುಕಾಳು. ಬಸುರಿ ಹಲ್ಲಿನ ನೆಪದಲ್ಲಿ ಒಂದು ಹೊತ್ತೂ ಉಪವಾಸ ಇರಬಾರದು, ಗರ್ಭಾವಸ್ಥೆಯ ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರಂತೂ ಇದನ್ನು ಮರೆಯಲೇಬಾರದು. ಮರುದಿನದಿಂದ ಊಟದ ನಂತರ ಬೆಚ್ಚಗಿನ ಉಪ್ಪುನೀರಿನಲ್ಲಿ ಮೆಲ್ಲಗೆ ಮುಕ್ಕಳಿಸಿ.

ಏನಾದರೂ ಕೆಲಸ ಬಾಕಿ ಉಳಿದು ತವರಿಗೆ ಹೊರಡಬೇಕಾಗಿ ಬಂದರೆ ಯಾವ ಹಲ್ಲಿಗೆ ಏನಾಗಿದೆ, ಏನು ಬಾಕಿ ಎಂದು ದಂತವೈದ್ಯರಿಂದ ಬರೆಸಿಕೊಂಡು, ಎಕ್ಸ್‌ರೇ ಜೊತೆಗೆ ತಾಯಿ ಕಾರ್ಡಿನೊಳಗೆ ಇಟ್ಟುಕೊಳ್ಳಿ. ಹೆರಿಗೆಯ ನಂತರ ಮಗುವಿಗೆ ಒಂದೂವರೆ ತಿಂಗಳಿಗೆ ಲಸಿಕೆ ಹಾಕಿಸಲು ಹೇಗೂ ಹೊರಡುತ್ತೀರಿ. ಅಂದೇ ಹಲ್ಲಿನವರಲ್ಲಿಗೂ ಸಮಯ ಗೊತ್ತು ಮಾಡಿಕೊಳ್ಳಿ. ಎದೆಹಾಲು ಕುಡಿಸುತ್ತಿದ್ದೇನೆ ಎಂದು ತಿಳಿಸಿದರೆ ವೈದ್ಯರು ಅದಕ್ಕೆ ಹೊಂದುವ ಮದ್ದನ್ನೇ ಬರೆಯುತ್ತಾರೆ. ಮರಗಟ್ಟಿಸುವ ಇಂಜೆಕ್ಷನ್ ತೆಗೆದುಕೊಂಡ ಕಾರಣಕ್ಕೆ ಹಾಲು ಕುಡಿಸುವುದನ್ನು ನಿಲ್ಲಿಸಬೇಕಾಗಿಲ್ಲ.